ಅಕ್ಕ ಎಳೆದುಕೊಂಡ ಮೌಸ್

ಕೋಟದ ಬಸ್‌ಸ್ಟಾಪಿನ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ, ಊರವರೆಲ್ಲ ಅಕ್ಕ ಎನ್ನುತ್ತಿದ್ದ ಹೆಂಗಸು ಯಾರ ಅವಸರಕ್ಕೂ ಜಗ್ಗುತ್ತಿರಲಿಲ್ಲ. ಹೊರಗೆ ಬಸ್ ಹಾರ್ನ್ ಹೊಡೆಯುತ್ತಿದ್ದರೂ, "ಅರ್ಜೆಂಟ್ ಎಂತಕೆ? ಮೊದ್ಲ್ ಓದಿ ಕಾಣಿ" ಎನ್ನುತ್ತಿದ್ದರು.

ಮುಂಬೈಯಲ್ಲಿ ಹೋಟೆಲು ನಡೆಸುವ ನನ್ನ ಅಣ್ಣನ ಹೆಸರಿನಲ್ಲಿ ಒಮ್ಮೆ ಮೇಲ್ ಬಂತು: 'ಪ್ರೀತಿಯ ಸುಜಾತಾ, ಆಸ್ಪತ್ರೆಯಲ್ಲಿದ್ದೇನೆ, ಫೋನ್ ಹಾಳಾಗಿದೆ. ಈ ಲಿಂಕ್ ಒತ್ತಿ ಕೂಡಲೇ ಹಣ ಕಳಿಸು.' ಸೆಂಟರಿನಲ್ಲಿ ಕೂತು ಅದನ್ನು ಓದಿದ ನಾನು ಅಳುತ್ತಲೇ ಒತ್ತಲು ಹೊರಟೆ. ಅಕ್ಕ ಮೌಸನ್ನು ಮೆಲ್ಲಗೆ ತಮ್ಮತ್ತ ಎಳೆದುಕೊಂಡರು.

"ನಿಮ್ಮಣ್ಣ ನಿಮ್ಮನ್ನ ಎಂತ ಅಂದೇಳಿ ಕರೂದ್?"

"ಹೆಣೆ ಅಂದೇಳಿ." ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಸಲುಗೆಯಿಂದ ಕರೆಯುವುದು ಹಾಗೆ.

"ಇಲ್ ಕಾಣಿ, ಸುಜಾತಾ ಅಂದೇಳಿ ಇತ್ತ್. ಫೋನ್ ಹಾಳಾರೂ ಅಡ್ಡಿಲ್ಲೆ, ಒಂದ್ಸಲ ಮಾಡಿ."

ಮಾಡಿದೆ. ಆಚೆ ತಟ್ಟೆಗಳ ಸದ್ದು, ಅದರ ನಡುವೆ ಅಣ್ಣನ ದನಿ: "ಎಂತ ಹೆಣೆ, ಉಂಡ್ಯಾ?"

ಈಗ ಆ ಸೆಂಟರ್ ಇಲ್ಲ. ಆದರೂ ಅವಸರದ ಮೇಲ್ ಬಂದಾಗಲೆಲ್ಲ ಯಾರೋ ನನ್ನ ಮೌಸನ್ನು ಮೆಲ್ಲಗೆ ಎಳೆದಂತಾಗುತ್ತದೆ. ನಾನು ಬಿಟ್ಟುಕೊಡುತ್ತೇನೆ.