ಗೋಪಾಳದ ಬಾವಿಯೊಳಗೆ ದುರುಗಪ್ಪ

ಒಂದೂರಲ್ಲಿ ಒಂದು ಬಾವಿ ಇತ್ತಂತೆ. ಅದರ ತಳ ಮುಟ್ಟಬಲ್ಲವನು ಒಬ್ಬನೇ ಒಬ್ಬ. ಅದರ ಕೊಡ ಮುಟ್ಟಬಾರದವನೂ ಅವನೇ. ಕಥೆಯಾಗಿದ್ದರೆ ಯಾವುದೋ ಋಷಿಯ ಶಾಪವೆಂದು ಹೇಳಿ ಮಕ್ಕಳನ್ನು ಮಲಗಿಸಬಹುದಿತ್ತು. ಆದರೆ ಆ ಊರು ಶಿವಮೊಗ್ಗ, ಬಾವಿ ಇರುವುದು ಗೋಪಾಳದ ಒಂದು ಮನೆಯ ಹಿತ್ತಲಲ್ಲಿ, ಕಾಲ ಈ ಬೇಸಿಗೆ. ಶಾಪ ಕೊಟ್ಟವರನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಕಾಗಿಲ್ಲ. ಅವರು ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದಾರೆ.

ಬೆಳಕು ಈಗಷ್ಟೇ ಹರಿಯುತ್ತಿದೆ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದ ದುರುಗಪ್ಪ ಡಬ್ಬಿಯಲ್ಲೊಂದು ದೀಪ ಹಚ್ಚಿ ಬಾವಿಗೆ ಇಳಿಬಿಡುತ್ತಾರೆ. ದೀಪ ಆರಿದರೆ ತಳದಲ್ಲಿ ಉಸಿರಾಡುವ ಗಾಳಿಯಿಲ್ಲವೆಂದು ಅರ್ಥ. ಆರಲಿಲ್ಲ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಾರೆ. ಹಗ್ಗದ ಇನ್ನೊಂದು ತುದಿ ಜೊತೆಗಾರ ಬೀರಪ್ಪನವರ ಕೈಯಲ್ಲಿ. ಕೆಳಗಿನಿಂದ ಹೂಳು ತುಂಬಿ ಕಳಿಸುವುದು ಇವರು, ಮೇಲೆಳೆದು ಸುರಿಯುವುದು ಅವರು.

ಕಾರ್ಖಾನೆಯ ಗುತ್ತಿಗೆ ಕೆಲಸ ಹೋದಾಗಿನಿಂದ ದುರುಗಪ್ಪನವರ ಅನ್ನ ಬಾವಿಗಳ ತಳದಲ್ಲಿದೆ. ಬೋರ್‌ವೆಲ್ ಬತ್ತಿದಾಗ ಶಿವಮೊಗ್ಗದವರಿಗೆ ಹಳೆಯ ಬಾವಿ ನೆನಪಾಗುತ್ತದೆ, ಬಾವಿ ನೆನಪಾದಾಗ ದುರುಗಪ್ಪ. ಬೇಸಿಗೆಯಲ್ಲಿ ವಾರಕ್ಕೆ ಎರಡು ಮೂರು ಬಾವಿ. ಮಳೆಗಾಲದಲ್ಲಿ ಸುಮ್ಮನೆ ಮನೆ. ಊರು ಕುಡಿಯುವ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೆಲಸ ಮಾಡುವ ಈ ಮನುಷ್ಯ ಮೇಲೆ ಬಂದ ಕೂಡಲೇ ಕಟ್ಟೆ, ರಾಟೆ, ಕೊಡ ಎಲ್ಲವೂ ಮತ್ತೆ ಮನೆಯವರ ಜಾತಿಗೆ ಸೇರಿಬಿಡುತ್ತವೆ. ಚಹಾ ಬೀರಪ್ಪನವರಿಗೆ ಸ್ಟೀಲ್ ಲೋಟದಲ್ಲಿ, ದುರುಗಪ್ಪನವರಿಗೆ ಕಾಗದದ ಲೋಟದಲ್ಲಿ. ಸ್ವಚ್ಛತೆಗಾಗಿ ಅಷ್ಟೇ, ಜಾತಿಗೀತಿ ಈಗೆಲ್ಲಿದೆ ಎನ್ನುತ್ತಾರೆ ಈ ಮನೆಯ ಯಜಮಾನಿ ಶಂಕರಮ್ಮ. ದುರುಗಪ್ಪ ಗೇಟು ದಾಟಿದ ಮೇಲೆ ಬಾವಿಗೆ ಗೋಮೂತ್ರ ಬೀಳುತ್ತದೆ. ಹೂಳು ತೆಗೆದವನ ಮೈ ಮೈಲಿಗೆ, ಹಸುವಿನ ಉಚ್ಚೆ ಮಡಿ. ಸ್ವಚ್ಛತೆಯ ಲೆಕ್ಕ ಹೀಗಿದೆ.

ಈ ಹಿತ್ತಲು ದುರುಗಪ್ಪನವರಿಗೆ ಹೊಸದಲ್ಲ. ಗೋಪಾಳ ಬಡಾವಣೆಯಾಗುವ ಮುಂಚೆ, ಸುತ್ತ ಗದ್ದೆಯಿದ್ದಾಗ, ಅವರ ತಾಯಿ ಹಾಲಮ್ಮ ಇದೇ ಮನೆಯ ಕೊಟ್ಟಿಗೆ ಬಳಿಯುತ್ತಿದ್ದರು. ಬಾಯಾರಿದರೆ ದೂರ ನಿಂತು ಬೊಗಸೆಯೊಡ್ಡಬೇಕು. ಯಾರಾದರೂ ಕಟ್ಟೆಯ ಮೇಲಿಂದ ಹುಯ್ಯುತ್ತಿದ್ದರು. ಮೊಣಕೈಗುಂಟ ಇಳಿದುಹೋಗುತ್ತಿದ್ದದ್ದೇ ಹೆಚ್ಚು. ಈಗ ಮಂಡಿ ಸೋತು ಭದ್ರಾವತಿಯ ಮನೆಯಲ್ಲೇ ಕೂತಿರುವ ಹಾಲಮ್ಮ ಇವತ್ತು ಮಗ ಹೊರಟಾಗ ಮಾತು ತೆಗೆದುಕೊಂಡಿದ್ದಾರೆ: “ಅದೇ ಬಾವಿ ತಾನೆ? ನೀನೇ ಸೇದಿ ಒಂದು ಕೊಡ ನೀರು ತಗಂಬಾ. ಇನ್ನೊಬ್ರು ಹುಯ್ದಿದ್ದು ಬ್ಯಾಡ ನಂಗೆ.” ಮಗ ಹೂಂ ಅಂದಿದ್ದಾರೆ.

ಇಳಿಯುವ ಮೊದಲೇ ದುರುಗಪ್ಪ ಶಂಕರಮ್ಮನವರನ್ನು ಕೇಳಿದ್ದುಂಟು. ಅವರು ನಕ್ಕು, “ಬೀರಪ್ಪ ಸೇದಿ ಕೊಡ್ತಾನೆ ಬಿಡು. ಯಾರು ಸೇದಿದ್ರೂ ನೀರು ಒಂದೇ ಅಲ್ವೇನೋ?” ಅಂದರು. ನೀರು ಒಂದೇ ಎಂದು ಗೊತ್ತಿದ್ದೂ ಹೀಗೆ ಹೇಳಲು ಎಂಥ ಗುಂಡಿಗೆ ಬೇಕು!

ಮಧ್ಯಾಹ್ನದ ಹೊತ್ತಿಗೆ ಹೂಳೆಲ್ಲ ಮುಗಿದು ತಳದಲ್ಲಿ ಒರತೆ ಒಡೆಯುತ್ತದೆ. ಹತ್ತಿ ಬರುವ ಹೊತ್ತು. ದುರುಗಪ್ಪ ಸೊಂಟದ ಹಗ್ಗ ಬಿಚ್ಚುತ್ತಾರೆ.

“ಬೀರಪ್ಪಣ್ಣ, ಹಗ್ಗ ಎಳ್ಕೋ. ಮೊದಲ್ನೇ ಕೊಡ ನಾನೇ ಸೇದ್ತೀನಿ ಅಂದ್ರೆ ಬರ್ತೀನಿ. ಇಲ್ದಿದ್ರೆ ಇಲ್ಲೇ ಇರ್ತೀನಿ.”

ಶಂಕರಮ್ಮ ಬೈಯುತ್ತಾರೆ. ಮಗ ಜ್ಞಾನೇಶ್ ಕೂಲಿ ಹೆಚ್ಚಿಗೆ ಕೊಡುವೆನೆನ್ನುತ್ತಾರೆ, ಆಮೇಲೆ ಅಗ್ನಿಶಾಮಕದವರನ್ನು ಕರೆಯುವೆನೆಂದು ಮೊಬೈಲ್ ತೆಗೆಯುತ್ತಾರೆ. ಬಂದವರು ಕಾರಣ ಕೇಳಿಯೇ ಕೇಳುತ್ತಾರೆಂದು ಹೊಳೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ನೀನಾದರೂ ಇಳಿದು ಎಳೆದುಕೊಂಡು ಬಾ ಎಂದರೆ ಬೀರಪ್ಪ ಕಟ್ಟೆಯಿಂದ ಅಲುಗುವುದಿಲ್ಲ.

“ನಾನಿಳಿದ್ರೆ ನನ್ನ ಹಗ್ಗ ಯಾರು ಸ್ವಾಮಿ ಹಿಡಿಯೋರು? ನೀವಾ?”

ಕೆಳಗೆ ನೀರು ದುರುಗಪ್ಪನವರ ಮೊಣಕಾಲು ದಾಟಿ ತೊಡೆಗೆ ಬರುತ್ತಿದೆ. ಮೈ ನಡುಗುತ್ತಿದೆ. ಕಲ್ಲಿನ ಸಂದಿಗೆ ಬೆರಳು ಸಿಕ್ಕಿಸಿಕೊಂಡು ನಿಂತಿದ್ದಾರೆ. ಬೀಡಿಯೊಂದು ಇದ್ದಿದ್ದರೆ ಎನಿಸುತ್ತದಂತೆ. ಮೇಲೆ ಪಕ್ಕದ ಮನೆಯ ಕಾಂಪೌಂಡಿನಾಚೆ ತಲೆಗಳು ಮೂಡುತ್ತವೆ. ಅವು ಹೆಚ್ಚಾದಷ್ಟೂ ಶಂಕರಮ್ಮನವರ ದನಿ ಸಣ್ಣದಾಗುತ್ತದೆ. ನೀರು ಸೊಂಟ ಮುಟ್ಟುವಾಗ, ಏನಾದರೂ ಮಾಡಿಕೊಂಡು ಸಾಯಿರಿ ಎಂದು ಒಳಹೋಗಿ ಹಿಂಬಾಗಿಲು ಹಾಕಿಕೊಳ್ಳುತ್ತಾರೆ.

ಜ್ಞಾನೇಶ್ ಬಾವಿಗೆ ಬಗ್ಗಿ, “ಆಯ್ತು, ಬಾ ಮಾರಾಯ. ಸೇದ್ಕೋ,” ಎನ್ನುತ್ತಾರೆ. ತಪ್ಪಾಯಿತು ಎನ್ನುವುದಿಲ್ಲ.

ಮೈಯಿಂದ ಕೆಸರು ತೊಟ್ಟಿಕ್ಕುತ್ತಿರುವಂತೆಯೇ ದುರುಗಪ್ಪ ಕಟ್ಟೆಯ ಮೇಲೆ ನಿಂತು ರಾಟೆಗೆ ಕೈಹಾಕುತ್ತಾರೆ. ರಾಟೆ ಕಿರುಗುಡುತ್ತದೆ. ಸೇದಿದ ನೀರನ್ನು ಬೀರಪ್ಪ ಕೊಟ್ಟ ಪ್ಲಾಸ್ಟಿಕ್ ಕೊಡಕ್ಕೆ ಸುರಿದುಕೊಂಡು, ಅದರ ಬಾಯಿಗೆ ಟವೆಲ್ ಕಟ್ಟಿ, ಬಸ್ಸಿನಲ್ಲಿ ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಕಂಡಕ್ಟರ್ ಒಳಗೇನು ಎಂದು ಕೇಳಿದ್ದಕ್ಕೆ ನೀರು ಎಂದಷ್ಟೇ ಉತ್ತರ.

ಭದ್ರಾವತಿಯ ಮನೆಯ ಹೊಸಿಲಲ್ಲಿ ಕೂತಿದ್ದ ಹಾಲಮ್ಮ, ನೀರು ತಿಳಿಯಾಗಲಿ ಎಂದು ಮಗ ಹೇಳಿದರೂ ಕೇಳದೆ ಲೋಟ ತುಂಬಿಸಿಕೊಂಡು ಕುಡಿಯುತ್ತಾರೆ. ಬಾಯೊಳಗೇ ಹಿಡಿದು ರುಚಿ ನೋಡುತ್ತಾರೆ.

“ಮಣ್ಣು ಮಣ್ಣು ಐತಲ್ಲೋ. ನಮ್ಮ ಬೀದಿ ನಲ್ಲಿ ನೀರೇ ವಾಸಿ. ಇದ್ನಾ ಅವ್ರು ಅಷ್ಟೆತ್ತರದಿಂದ ಹುಯ್ತಿದ್ದಿದ್ದು?”

ಅಂದು, ಕೊಡ ವಾಲಿಸಿ ಇನ್ನೊಂದು ಲೋಟ ತಾವೇ ಬಗ್ಗಿಸಿಕೊಳ್ಳುತ್ತಾರೆ.