ತಾಟು ತೊಳೆದು ಕುಡಿದ ಮೇಲಿನ ಒಂದು ತಾಸು

ಸಕ್ಕರೆ ಕಾಯಿಲೆಗೂ ತೂಕಕ್ಕೂ ಸೇರಿಸಿ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬರೆದುಕೊಟ್ಟಾಗ ಬಾಗಲಕೋಟೆಯ ಡಾಕ್ಟರಿಗೆ ನಾನು ಕೇಳದ ಪ್ರಶ್ನೆಯಿಲ್ಲ. ಕಿಡ್ನಿಗೇನಾದೀತು, ಕಣ್ಣಿಗೇನಾದೀತು, ಫ್ರಿಜ್ಜಿನಲ್ಲಿಟ್ಟಾಗ ಕರೆಂಟು ಹೋದರೇನು ಗತಿ? ನಾವಿರುವ ವಿದ್ಯಾಗಿರಿ ಬಡಾವಣೆಯಲ್ಲಿ ಕರೆಂಟು ಹೋಗುವ ಮೊದಲೇ ಅದರ ಚಿಂತೆ ಮಾಡಿ ಮುಗಿಸುವ ಹೆಂಗಸು ನಾನು. ಆದರೆ ಕಾಲೇಜಿನ ದಿನಗಳಲ್ಲಿ ಉಂಡದ್ದನ್ನೆಲ್ಲ ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದೆ, ಅದಕ್ಕೆ ವರ್ಷಗಟ್ಟಲೆ ಚಿಕಿತ್ಸೆ ಆಗಿದೆ ಎಂಬುದೊಂದನ್ನು ಮಾತ್ರ ಹೇಳಲಿಲ್ಲ. ಐವತ್ತರ ಹತ್ತಿರ ಬಂದವಳು ಅದನ್ನು ಯಾವ ಮುಖ ಹೊತ್ತು ಹೇಳುವುದು?

ಆ ಕಾಲದಲ್ಲಿ ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಮ್ಮ ಮನೆಯಲ್ಲಿ ಊಟವೆಂದರೆ ಪ್ರಸಾದ. ಉಂಡ ತಾಟಿಗೆ ನೀರು ಹಾಕಿ, ಬೆರಳಿಂದ ತೊಳೆದು, ಆ ನೀರನ್ನೇ ಕುಡಿಯುವುದು ರೂಢಿ. ನನ್ನಷ್ಟು ಚೊಕ್ಕವಾಗಿ ತೊಳೆದು ಕುಡಿಯುವವರು ಯಾರೂ ಇರಲಿಲ್ಲ. "ಹುಡುಗಿಗೆ ಭಕ್ತಿ ಎಷ್ಟ ಐತಿ ನೋಡ್ರಿ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಆಮೇಲೆ ನಾನು ಎಲ್ಲಿಗೆ ಹೋಗುತ್ತೇನೆಂದು ಕಂಡುಹಿಡಿದವಳು ಅಕ್ಕ. ಚಿಕಿತ್ಸೆ ಶುರುವಾದಾಗ ಅವಳೇ ಒಂದು ಕೆಲಸ ಹಿಡಿದಳು: ನಾನು ತಾಟು ತೊಳೆದು ಕುಡಿದ ಮೇಲೆ ಒಂದು ತಾಸು ಬಚ್ಚಲ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತು, ನನಗೆ ಊರ ಸುದ್ದಿ ಹೇಳುವುದು. ಬಚ್ಚಲಿಗೆ ಹೋಗಬೇಕಾದ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ಕಾಯುತ್ತಿದ್ದರು.

ಇಂಜೆಕ್ಷನ್ ಶುರುವಾದ ಎರಡನೇ ತಿಂಗಳಿಗೆ ಇಳಕಲ್ಲಿನಲ್ಲಿ ಅಕ್ಕನ ಬಸುರಿ ಮಗಳ ಕುಬಸ. ಬಸ್ಸು ಅಮೀನಗಡದಲ್ಲಿ ನಿಂತಾಗ ಅವಳಿಗೆಂದು ಕರದಂಟು ಕಟ್ಟಿಸಿಕೊಂಡು ತೊಡೆಯ ಮೇಲಿಟ್ಟುಕೊಂಡೆ. ಮೊದಲಾಗಿದ್ದರೆ ಹುನಗುಂದ ಬರುವವರೆಗೆ ಆ ಪೊಟ್ಟಣ ನನ್ನ ಜೊತೆ ವಾದಕ್ಕಿಳಿಯುತ್ತಿತ್ತು. ಒಂದು ತಿನ್ನು, ಬೇಡ ಬಿಡು, ತಿಂದರೆ ನಾಳೆ ಉಪವಾಸ. ಈ ಸಲ ಪೊಟ್ಟಣ ತೆಪ್ಪಗಿತ್ತು, ತಲೆಯೊಳಗೂ ಸದ್ದಿಲ್ಲ. ಹಾಯೆನಿಸಬೇಕಿತ್ತು. ನನಗಾದದ್ದು, ಪಕ್ಕದ ಕೋಣೆಯಲ್ಲಿ ಆಡುತ್ತಿದ್ದ ಮಕ್ಕಳು ಇದ್ದಕ್ಕಿದ್ದಂತೆ ಸುಮ್ಮನಾದಾಗ ತಾಯಿಗಾಗುವ ದಿಗಿಲು. ಹಸಿವೇ ಆಗದಿರಲಿ ಎಂಬುದು ಒಂದು ಕಾಲಕ್ಕೆ ನನ್ನ ದೊಡ್ಡ ಆಸೆಯಾಗಿತ್ತು. ಅದೀಗ ಡಾಕ್ಟರ ಚೀಟಿ ಹಿಡಿದುಕೊಂಡು ಬಂದಿತ್ತು.

ಊಟಕ್ಕೆ ಕೂತಾಗ ಪಕ್ಕದಲ್ಲಿ ಬೀಗರ ಕಡೆಯ ಹಿರಿಯಳು. "ಭಾಳ ಸೊರಗೀರಲ್ರಿ! ಶುಗರ್ ಬಂತೋ, ಸೊಸಿ ಬಂದ್ಲೋ?"

"ಮಗಗ ಇನ್ನೂ ಹೆಣ್ಣ ಸಿಕ್ಕಿಲ್ರಿ. ಶುಗರ್ರ."

ಎಲ್ಲರೂ ನಕ್ಕರು. ನಗುತ್ತಿದ್ದಾಗಲೇ ನನ್ನ ತಾಟಿಗೆ ಎರಡು ಹೋಳಿಗೆ ಬಿದ್ದವು. ಮೊದಲನೆಯದಕ್ಕೇ ಗಂಟಲವರೆಗೆ ತುಂಬಿತು. ಬಿಟ್ಟೇಳುವಂತಿಲ್ಲ. ಎರಡನೆಯದನ್ನೂ ನುಂಗಿ, ತಾಟು ತೊಳೆದು ಕುಡಿದೆ. ಆ ನೀರು ಕೆಳಗಿಳಿಯಲೇ ಇಲ್ಲ, ಬಚ್ಚಲಿಗೆ ಓಡಿದೆ.

ಕದ ತೆರೆದರೆ ಎದುರಿಗೆ ಅಕ್ಕ, ಕೈಯಲ್ಲಿ ತುಪ್ಪದ ತಂಬಿಗೆ.

"ಮತ್ತ ಶುರು ಆತೇನು?"

"ಇಲ್ಲಕ್ಕಾ. ಶುಗರಿಗೆ ಇಂಜೆಕ್ಷನ್ ತೊಗೊಳಾಕತ್ತೇನಿ. ಅದಕ್ಕ ವಾಂತಿ ಆಗ್ತಾವಂತ."

"ಡಾಕ್ಟರ್‌ಗೆ ಹಳೇದು ಹೇಳೀಯೇನು?"

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ.

"ಕಿಡ್ನಿದು ಕೇಳಿರ್ತಿ."

"ಕೇಳೇನಿ."

"ಭಾಳ ಶಾಣ್ಯಾಕಿ ಬಿಡು."

ವಾಂತಿ ಔಷಧದ್ದೇ, ಖರೆ. ನಾನಾಗಿ ಮಾಡಿಕೊಂಡದ್ದಲ್ಲ. ಆದರೆ ಮುಖ ತೊಳೆಯುವಾಗ ಕನ್ನಡಿಯಲ್ಲಿ ಕತ್ತಿನ ಎಲುಬು ಕಂಡಿತ್ತು, ಒಳಗೊಂದು ಹಳೆಯ ಖುಷಿ ಕಣ್ಣು ಬಿಟ್ಟಿತ್ತು. ಅದು ಔಷಧದ್ದಲ್ಲ. ಅಕ್ಕನಿಗೆ ಅದನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಅವಳು ತಂಬಿಗೆ ಕೆಳಗಿಟ್ಟು, ನನ್ನ ಚೀಲದಿಂದ ಫೋನು ತೆಗೆದುಕೊಟ್ಟಳು. "ಈಗ ಹಚ್ಚು."

ಒಳಗೆ ಹೆಂಗಸರು ಹಾಡುತ್ತಿದ್ದರು. ಹಿತ್ತಲಲ್ಲಿ ನಿಂತು ಡಾಕ್ಟರಿಗೆ ಎಲ್ಲ ಹೇಳಿದೆ. ನಡುವೆ ಫೋನು ಕಟ್ಟಾದರೆ ಎಲ್ಲ ಇನ್ನೊಮ್ಮೆ ಹೇಳಬೇಕಲ್ಲ ಎಂದೇ ನನಗೆ ಚಿಂತೆ.

"ಮುಂದಿನ ಇಂಜೆಕ್ಷನ್ ತೊಗೋಬ್ಯಾಡ್ರಿ. ಮೊದಲ ಬಂದು ಭೆಟ್ಟಿ ಆಗ್ರಿ. ಆವಾಗ ನಿಮ್ಮನ್ನ ನೋಡಿದ ಡಾಕ್ಟರ ಜೋಡಿನೂ ಮಾತಾಡೂಣು."

ನಿಲ್ಲಿಸುತ್ತಾರೋ, ಕಡಿಮೆ ಮಾಡುತ್ತಾರೋ ಗೊತ್ತಿಲ್ಲ. ನಿಲ್ಲಿಸಿದರೆ ಕರದಂಟು ಮತ್ತೆ ಬಾಯಿ ಬಿಟ್ಟೀತೆಂದು ಆಗಲೇ ಹೆದರತೊಡಗಿದ್ದೆ.

ಸಂಜೆ ಅಕ್ಕ ಸಣ್ಣ ತಾಟಿನಲ್ಲಿ ಜೋಳದ ನುಚ್ಚು, ಮಜ್ಜಿಗೆ ತಂದಳು, ನನಗೆ ಹಿಡಿಸುವಷ್ಟೇ. ಉಂಡೆ. ತಾಟು ತೊಳೆದು ಕುಡಿದೆ. ಅವಳು ಕುರ್ಚಿ ಎಳೆದುಕೊಂಡು ಹೋಗಿ ಬಚ್ಚಲ ಬಾಗಿಲಿಗೆ ಅಡ್ಡ ಹಾಕಿ, ಮೊಣಕಾಲು ಹಿಡಿದುಕೊಂಡು, ನರಳುತ್ತ ಕೂತಳು. ಬೀಗರ ಸುದ್ದಿ ಶುರುವಾಗಿ ಇನ್ನೂ ರಂಗೇರಿರಲಿಲ್ಲ, ಬೀಗರ ಹಿರಿಯಳೇ ಬಂದು ನಿಂತಳು.

"ಸ್ವಲ್ಪ ಸರೀರಿ ಯವ್ವಾ, ಬಚ್ಚಲಕ್ಕ ಹೋಗಬೇಕು."

"ಒಂದ ತಾಸು ತಡೀರಿ," ಎಂದಳು ಅಕ್ಕ.