ಅಮ್ಮನ ಮನೆಯಲ್ಲಿ ಹೇಳಬಾರದ ಕ್ರಿಯಾಪದ

ಬಾಣಂತನಕ್ಕೆಂದು ದೊಡ್ಡಬಳ್ಳಾಪುರದ ತವರುಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವಳು. ರಜೆಯಲ್ಲೂ ಸುಮ್ಮನಿರಲಾರದ ಜೀವ. ನನ್ನ ಬದಲಿಗೆ ಬಂದಿದ್ದ ಮೇಡಂ ಫೋನು ಮಾಡಿ, ಹತ್ತನೇ ತರಗತಿಗೆ ಒಂದು ಅಭ್ಯಾಸದ ಹಾಳೆ ಮಾಡಿಕೊಡಿ ಎಂದಾಗ ಒಪ್ಪಿಕೊಂಡುಬಿಟ್ಟೆ. ಬಾಡುವ, ಒಣಗುವ, ಮಾಸುವ ಅರ್ಥದ ಇಂಗ್ಲಿಷ್ ಕ್ರಿಯಾಪದಗಳು: ವಿಲ್ಟ್, ಶ್ರಿವೆಲ್, ಫೇಡ್, ಡ್ರೈ ಅಪ್. ಯಾವ ಪದ ಯಾವ ವಸ್ತುವಿಗೆ ಹೊಂದುತ್ತದೆಂದು ಮಕ್ಕಳು ಗೆರೆ ಎಳೆದು ಜೋಡಿಸಬೇಕು.

ನಿಜ ಹೇಳಬೇಕೆಂದರೆ, ಆ ಹಾಳೆ ಹಿಡಿದು ಕೂತದ್ದು ಇನ್ನೊಂದು ವಿಷಯವನ್ನು ಮರೆಯಲು. ಮಗಳ ತೂಕ ಏರುತ್ತಿರಲಿಲ್ಲ. ಆ ಬೆಳಿಗ್ಗೆ ಡಾಕ್ಟರಮ್ಮ ತಕ್ಕಡಿ ನೋಡಿ, ನನ್ನ ಮುಖವನ್ನೂ ನೋಡಿ, "ಹಾಲು ಸಾಲ್ತಿಲ್ಲಮ್ಮ. ನೀವು ಕುಡಿಸ್ತಾನೇ ಇರಿ, ಜೊತೆಗೆ ಇದನ್ನೂ ಕೊಡಿ" ಎಂದು ಪುಡಿಹಾಲು ಬರೆದುಕೊಟ್ಟಿದ್ದರು. ಜೊತೆಗೆ ಬಂದಿದ್ದ ಗಂಡ ಡಬ್ಬಿ ಕೊಡಿಸಿ, ನಮ್ಮನ್ನು ಮನೆಗೆ ಬಿಟ್ಟು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಪಾಳಿ ತಪ್ಪೀತೆಂದು ಓಡಿದ. ನಾನು ಡಬ್ಬಿಯನ್ನು ಬ್ಯಾಗಿನ ತಳದಲ್ಲಿ ಬಚ್ಚಿಟ್ಟೆ.

ಬಚ್ಚಿಟ್ಟದ್ದು ಅಮ್ಮನಿಂದ. ಅಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದವಳು: "ನನ್ನ ಮಗಳು ಮೂರು ವರ್ಷ ಎದೆಹಾಲು ಕುಡಿದೋಳು. ಅದಕ್ಕೇ ಅಷ್ಟು ಗಟ್ಟಿ." ಈಗ ಹಾಲು ಹೆಚ್ಚಲೆಂದು ನನಗೆ ದಿನಾ ಸಬ್ಬಸಿಗೆ ಸೊಪ್ಪು, ಹಿಡಿ ಹಿಡಿ ಬೆಳ್ಳುಳ್ಳಿ. ತಿಂದ ಮೇಲೆ ನನ್ನ ಮುಖ ನೋಡುತ್ತಾ ಕೂರುತ್ತಿದ್ದಳು. ಅಂಥವಳ ಮುಂದೆ ಆ ಡಬ್ಬಿ ತೆಗೆದಿಡಲು ನನಗೆ ನಾಚಿಕೆಯಾಗುತ್ತಿತ್ತು.

ಮಧ್ಯಾಹ್ನ ಕರೆಂಟು ಹೋಗಿ, ನಮ್ಮ ಮನೆಯ ಸೀರೆ ನೇಯುವ ಮಗ್ಗ ನಿಂತಿತು. ನಮ್ಮ ಬೀದಿಯ ಮಕ್ಕಳು ಮಗ್ಗದ ಸದ್ದಿಗೆ ಮಲಗುತ್ತವೆ, ಸದ್ದು ನಿಂತರೆ ಏಳುತ್ತವೆ. ನನ್ನ ಮಗಳೂ ಎದ್ದಳು. ಎದೆಗೆ ಹಾಕಿಕೊಂಡೆ. ಎಳೆದಳು, ಬಿಟ್ಟಳು, ಅತ್ತಳು, ಕೊನೆಗೆ ಸುಸ್ತಾಗಿ ಹಾಗೇ ಕಣ್ಣು ಮುಚ್ಚಿದಳು. ಅಷ್ಟರಲ್ಲಿ ಮಗ್ಗದ ಮನೆಯಿಂದ ಅಮ್ಮ ಬಂದು ಪಕ್ಕದಲ್ಲಿ ಕೂತಳು.

"ಏನೇ ಅದು ಬರೀತಿರೋದು?"

ಹೇಳಿದೆ. ಅವಳಿಗೆ ಇಂಗ್ಲಿಷ್ ಬಾರದಿದ್ದರೂ ಆಟ ಹಿಡಿಸಿತು. ಹೂ ಏನಾಗುತ್ತೆ ಎಂದರೆ "ಬಾಡುತ್ತೆ" ಎಂದಳು. ನಾಲ್ಕು ದಿನ ಇಟ್ಟ ಬದನೆಕಾಯಿ? "ಸುಕ್ಕಾಗುತ್ತೆ."

"ಸೀರೆ ಬಣ್ಣ?"

"ನಮ್ಮ ಸೀರೆ ಬಣ್ಣ ಯಾಕೆ ಮಾಸುತ್ತೆ? ಪಕ್ಕದ ಮನೆಯೋರ್ದು ಅಂತ ಬರ್ಕೋ."

ನಕ್ಕೆ. ಉಳಿದದ್ದು ಡ್ರೈ ಅಪ್. ಪಾಠ ಹೇಳುವ ಬಾಯಿ, ತಾನಾಗೇ ಓಡಿತು. "ಬತ್ತೋದು. ಕೆರೆ ಬತ್ತುತ್ತೆ, ಬಾವಿ ಬತ್ತುತ್ತೆ, ಎದೆಹಾಲು..."

"ಬಿಡ್ತು ಅನ್ನು," ಎಂದು ಅಮ್ಮ ಗದರಿದಳು. "ಬಾಣಂತಿ ಬಾಯಲ್ಲಿ ಬರೋ ಮಾತಾ ಅದು?"

ಅಮ್ಮನ ಮನೆಯಲ್ಲಿ ಅಕ್ಕಿ ಮುಗಿಯುವುದಿಲ್ಲ, ತುಂಬುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ ಅದು ಓ ಎನ್ನುತ್ತದೆ ಎಂಬುದು ಅವಳ ನಂಬಿಕೆ. ಬೇರೆ ದಿನವಾಗಿದ್ದರೆ ನಾನೂ ಬಿಡ್ತು ಅನ್ನುತ್ತಿದ್ದೆ. ಅಂದು ನನ್ನ ಹಾಳು ಸಿಟ್ಟು ನೆತ್ತಿಗೇರಿತು.

"ಹೇಳ್ದೇ ಇದ್ರೆ ಆಗಲ್ವಾ? ಬತ್ತೋಗ್ತಿದೆ ಕಣಮ್ಮ. ಮಗು ಹಸ್ಕೊಂಡು ಮಲಗಿದೆ," ಎಂದು ಬ್ಯಾಗಿನಿಂದ ಡಬ್ಬಿ ತೆಗೆದು ಅವಳ ಮುಂದೆ ಕುಕ್ಕಿ ಅಳತೊಡಗಿದೆ.

ಅಮ್ಮ ಎದ್ದು ಒಳಗೆ ಹೋದಳು. ಟ್ರಂಕಿನ ಮುಚ್ಚಳದ ಸದ್ದು ಕೇಳಿಸಿತು. ಮುನಿಸಿಕೊಂಡಳು ಎಂದುಕೊಂಡೆ. ವಾಪಸು ಬಂದಾಗ ಅವಳ ಕೈಯಲ್ಲಿ ಹಳೆಯ ಸೀರೆಯ ತುಂಡು, ಅದರೊಳಗೆ ಒಂದು ಒಳಲೆ. ಮಗುವಿನ ಬಾಯಿಗೆ ಹಾಲು ಹನಿಸಲು ಮೂತಿ ಇರುವ ಪುಟ್ಟ ಬೆಳ್ಳಿ ಬಟ್ಟಲು ಅದು. ನಾನು ಅದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ನೀನು ಬೆಳೆದಿದ್ದು ಇದರಲ್ಲಿ," ಎಂದಳು. "ನೀನು ಹುಟ್ಟಿ ಇಪ್ಪತ್ತು ದಿನಕ್ಕೇ ನನಗೆ ಬತ್ತೋಯ್ತು."

ಆ ಮಾತನ್ನು ಅವಳು ಬಿಡಿಸಿ, ಜೋರಾಗಿಯೇ ಹೇಳಿದಳು.

"ಮೂರು ವರ್ಷ ಕುಡಿಸ್ದೆ ಅಂತಿದ್ದೆ?"

"ಯಾರಾದ್ರೂ ಕೇಳಿದ್ರೆ ಹಂಗನ್ನು ಅಂತ ನಿಮ್ಮಜ್ಜಿ ಹೇಳ್ಕೊಟ್ಟಿದ್ರು. ಹೇಳಿ ಹೇಳಿ ನನಗೇ ನಿಜ ಅನ್ನಿಸ್ಬಿಟ್ಟಿತ್ತು ಕಣೆ."

ಮೊದಲು ಬಂದದ್ದು ಸಿಟ್ಟೇ. ಈ ಒಂದು ಮಾತು ಮೊದಲೇ ಹೇಳಿದ್ದರೆ ನಾನು ಸೊಪ್ಪು ತಿಂದು ತಿಂದು ಗೋಡೆ ಕಡೆ ತಿರುಗಿ ಅಳಬೇಕಿರಲಿಲ್ಲ. ಆದರೆ ಅವಳ ಮುಖ ನೋಡಿದೆ. ಇಷ್ಟು ವರ್ಷ ಇವಳೂ ಒಬ್ಬಳೇ ನಾಚಿಕೆಪಟ್ಟುಕೊಂಡಿದ್ದಳಲ್ಲ ಎನಿಸಿತು. ಅಮ್ಮನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಬಂದಿರಲಿಲ್ಲ.

ಅಮ್ಮ ಒಳಲೆಯನ್ನು ಉಜ್ಜಿ ತೊಳೆದು, ಕುದಿಯುವ ನೀರಿಗೆ ಹಾಕಿದಳು. "ಎಷ್ಟು ನೀರು, ಎಷ್ಟು ಪುಡಿ, ಓದಿ ಹೇಳು. ಓದಿರೋಳು ತಾನೇ," ಎಂದಳು. ಡಬ್ಬಿಯ ಮೇಲಿನದನ್ನು ಎರಡೆರಡು ಸಲ ಓದಿ ಹೇಳಿದೆ. ಹಾಲು ಕಲಸಿ, ಮುಂಗೈ ಮೇಲೆ ತೊಟ್ಟು ಬಿಟ್ಟು ಬಿಸಿ ನೋಡಿದಳು.

ಅಷ್ಟರಲ್ಲಿ ಮಗಳು ಎದ್ದು ಬಾಯಿ ಬಾಯಿ ಬಿಡುತ್ತಿದ್ದಳು. ಹೆತ್ತವಳಿಗೆ ಆಗದ್ದನ್ನು ಒಂದು ಬಟ್ಟಲು ಮಾಡುವುದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ.

"ನೀನೇ ಕುಡಿಸಮ್ಮ," ಎಂದೆ.

ಅಮ್ಮ ಮಗುವನ್ನು ಎತ್ತಿ ನನ್ನ ಮಡಿಲಿಗೇ ಹಾಕಿ, ಒಳಲೆಯನ್ನು ನನ್ನ ಕೈಗಿಟ್ಟಳು.

"ಮಗು ಒಳಲೆ ಕಡೆ ನೋಡಲ್ಲ ಕಣೆ. ಕುಡಿಸೋರ ಮುಖ ನೋಡುತ್ತೆ. ನೀನೇ ಕುಡಿಸು."